ಹಿಡಿಕಿ ಮ್ಯಾಲಿನ ಟವಲ್ಲು

ಹೇಳ್ತೀನಿ, ಆದ್ರ ನಡುವ ಬಾಯಿ ಹಾಕಬ್ಯಾಡ್ರಿ. ನಗಾಕಂತೂ ಬ್ಯಾಡ. ಇದು ಯಾರೋ ಯಾರಿಗೋ ಹೇಳಿದ ಕತಿ ಅಲ್ಲ. ಹೊಸಪೇಟೆಯಾಗ ನಮ್ಮ ದೊಡ್ಡವ್ವನ ಮಗ ಹುಲುಗೇಶ ಅದಾನಲ್ಲ, ಕರೆಂಟಿನ ಕೆಲಸದವ, ಅವನ ಕಣ್ಣೆದುರಿಗೆ ಆದದ್ದು. ಕತಿ ಕಟ್ಟಿ ಹೇಳೋ ಮನುಷ್ಯ ಅಲ್ಲ ಅಂವ. ನಾಕು ಮಾತು ಕೇಳಿದ್ರ ಒಂದಕ್ಕ ಉತ್ತರ ಕೊಡ್ತಾನ.

ಹೋದ ವರ್ಷದ ಚಳಿಗಾಲ. ರಾತ್ರಿ ಹನ್ನೊಂದೂವರಿ ಆಗಿತ್ತು. ಹುಲುಗೇಶ ಹಳೇ ಗಣಿ ಶೆಡ್ಡಿಗೆ ಬೀಗ ಹಾಕಿ, ಸಂಡೂರು ರೋಡು ಬಿಟ್ಟು ಕಾಲುದಾರಿ ಹಿಡಿದು ಮನಿಗೆ ಹೊಂಟಿದ್ದ. ದಾರಿಯಾಗ ಒಂದು ಮೆಟ್ಟಿಲ ಬಾವಿ, ಅದರ ಮ್ಯಾಲ ಬಾಗಿದ ಆಲದಮರ. ಬಾವಿಗೆ ಕಬ್ಬಿಣದ ಜಾಳಿಗಿ ಹಾಕ್ಯಾರ. ಒಣ ಎಲಿ ಅದರ ಮ್ಯಾಲ ಸರಿದಾಡಿ ಪರ್... ಪರ್... ಅಂತಿದ್ವು. ಅಂವ ದಿನಾ ಕೇಳೋ ಸದ್ದು ಅದು, ತಲಿ ಎತ್ತಲಿಲ್ಲ.

ಆಗ ಬೆನ್ನ ಹಿಂದಿಂದ ಕೂಗು ಬಂತು.

ಕೂ.........

ಕು. ಕು.

ಹುಲುಗೇಶ ನಿಂತುಬಿಟ್ಟ. ಈಗಿನ ರೈಲು ಭೋಂ ಅಂತದ, ಬಸ್ಸಿನ ಹಾರನ್ನಿನಂಗ. ಇದು ಹಂಗಲ್ಲ. ಇದರಾಗ ಉಸಿರಿತ್ತು... ಹಸಿ ಉಸಿರು. ಸದ್ದು ಶೆಡ್ಡಿನ ಕಡಿಂದ ಬಂದಿತ್ತು. ಶೆಡ್ಡಿನಾಗ ಇದ್ದದ್ದು ಮೂರು ಹಳೇ ಹಬೆ ಇಂಜಿನ್ನು. ಹನಿ ನೀರಿಲ್ಲ, ಚೂರು ಕಲ್ಲಿದ್ದಲಿಲ್ಲ. ನಡುವಿನದಕ್ಕಂತೂ ಸೀಟೀನ ಇಲ್ಲ. ಅದನ್ನ ಬಿಚ್ಚಿ ಪರದೇಶದ ಮ್ಯೂಸಿಯಮ್ಮಿನಾಗ ಗಾಜಿನ ಪೆಟಿಗಿಯೊಳಗ ಇಟ್ಟಾರ. ಆ ತೂತಿಗೆ ಕಟ್ಟಿಗಿ ಬೆಣಿ ಬಡಿದಿದ್ದನ್ನ ಅವತ್ತು ಸಂಜೀಕ ಹುಲುಗೇಶ ತಾನೇ ಕೈಮುಟ್ಟಿ ನೋಡಿದ್ದ.

ಅಂವ ತಿರುಗಿ ನೋಡಲಿಲ್ಲ. ಜಲ್ದಿ ಜಲ್ದಿ ಮನಿಗೆ ಬಂದ. ಬಂದ್ರ ಅಡಿಗಿ ಮನಿಯಾಗ ದೀಪ ಉರೀತೈತಿ. ಥಪ್... ಥಪ್... ಥಪ್... ಅವನ ತಾಯಿ, ಅಂದ್ರ ನಮ್ಮ ದೊಡ್ಡವ್ವ, ಊರಿಗೆಲ್ಲಾ ದುರ್ಗಕ್ಕ, ಅರವತ್ತು ದಾಟಿದಾಕಿ, ಒಲಿ ಮುಂದ ಕುಂತು ಜ್ವಾಳದ ರೊಟ್ಟಿ ಬಡಿಯಾಕ ಹತ್ಯಾಳ.

"ಯವ್ವಾ, ಈಟೊತ್ತಿನಾಗ ಯಾರಿಗೆ ರೊಟ್ಟಿ?"

"ಸಣ್ಣಗ ಮಾತಾಡು," ಅಂದ್ಲು ಆಕಿ. "ಕೂಗಿದ್ದು ಕೇಳಲಿಲ್ಲೇನು? ಉದ್ದ ಒಂದು, ಗಿಡ್ಡ ಎರಡು. ಹಂಚು ಇಡು ಅಂತ."

"ಯಾರು ಕೂಗಿದ್ದು?"

"ನಿಮ್ಮಪ್ಪ."

ಈಗ ನಿಮಗ ಒಂದೀಟು ಹಿಂದಿಂದು ಹೇಳಬೇಕು.

ಅಲ್ಲಿ ಮೊದಲ ಒಂದು ಗಣಿ ಕಂಪನಿ ಇತ್ತು. ಅದು ಮುಚ್ಚಿ ಎಷ್ಟೋ ವರ್ಷ ಆತು. ಸಂಡೂರು ಗುಡ್ಡದಿಂದ ಅದಿರು ಇಳಿಸಾಕ ಆ ಕಂಪನಿ ಸಣ್ಣ ಹಳಿ ಮ್ಯಾಲ ಓಡೋ ಮೂರು ಇಂಜಿನ್ನು ಇಟ್ಟಿತ್ತು. ಮೂರೂ ಒಂದ ಕಾರ್ಖಾನಿಯಾಗ ಹುಟ್ಟಿದವು. ಕೆಲಸದವರು ಅವನ್ನ ದೊಡ್ಡಾಕಿ, ನಡುವಿನಾಕಿ, ಸಣ್ಣಾಕಿ ಅಂತಿದ್ರು. ಹುಲುಗೇಶನ ಅಪ್ಪ ಉಚ್ಚೆಂಗೆಪ್ಪ ನಡುವಿನಾಕಿಯ ಫೈರ್‌ಮನ್ನು, ಬೆಂಕಿಗೆ ಕಲ್ಲಿದ್ದಲು ಹಾಕಾಂವ. ಗುಡ್ಡ ಇಳಿದು ತಿರುವಿಗೆ ಬಂದಾಗ ಉದ್ದ ಒಂದು, ಗಿಡ್ಡ ಎರಡು ಸೀಟಿ ಎಳೀತಿದ್ದ. ಮನಿಯಾಗ ದುರ್ಗಕ್ಕ ಹಂಚು ಇಡತಿದ್ಲು. ಅಂವ ಕೈಕಾಲು ತೊಳಕೊಂಡು ಬರೋದ್ರಾಗ ರೊಟ್ಟಿ ಬಿಸಿ ಇರತಿತ್ತು.

ಮೂವತ್ತಾರು ವರ್ಷದ ಹಿಂದ, ಹುಲುಗೇಶ ಇನ್ನೂ ಹೊಟ್ಟಿಯಾಗ ಇದ್ದಾಗ, ಉಚ್ಚೆಂಗೆಪ್ಪ ರಾತ್ರಿ ಪಾಳಿಗೆ ಹೋದಾಂವ ಬರಲಿಲ್ಲ. ಕಂಪ್ಲಿಯಾಕಿ ಒಬ್ಬಾಕಿ ಸಂಗಾಟ ಓಡಿಹೋದ ಅಂತ ಅವನ ಗೆಣೆಯ ಬಂದು ಹೇಳಿದ, ಸುದ್ದಿ ಹಬ್ಬಿತು. ಅದಾಗಿ ಮೂರು ತಿಂಗಳಿಗೆ ನಡುವಿನಾಕಿ ಇಂಗ್ಲೆಂಡಿಗೆ, ಸಣ್ಣಾಕಿ ಜರ್ಮನಿಗೆ ಮಾರಿ ಹೋದವು. ದೊಡ್ಡಾಕಿ ಒಬ್ಬಾಕೀನ ಇಲ್ಲಿ ತುಕ್ಕು ತಿನಕೋಂತ ನಿಂತ್ಲು.

ದುರ್ಗಕ್ಕ ಬಳಿ ಒಡೀಲಿಲ್ಲ, ಕುಂಕುಮ ಅಳಿಸಲಿಲ್ಲ. ಸತ್ತ ಅಂತ ಯಾರೂ ಹೇಳಿದ್ದಿಲ್ಲಲ್ಲ. ಊರ ಮಂದಿ ಮಾತ್ರ ಆಕಿ ಹಣಿ ನೋಡಿ ನಗತಿದ್ರು. ಓಡಿಹೋದವನ ಹೆಂಡ್ತಿ ಅಂತ ಆಕಿಗೆ, ಓಡಿಹೋದವನ ಮಗ ಅಂತ ಇವನಿಗೆ. ಸಾಲಿಯಾಗ ಮಾಸ್ತರ ಸೈತ ಒಮ್ಮೆ ಹಂಗ ಕರೆದಿದ್ದ. ಹುಲುಗೇಶ ತನ್ನ ಅಪ್ಪನ್ನ ಭಾಳ ದ್ವೇಷ ಮಾಡತಿದ್ದ. ಇದನ್ನ ಅವನೇ ನನಗ ಹೇಳ್ಯಾನ.

ಹೋದ ವರ್ಷ ಹೊಸಪೇಟೆಯ ನಾಲ್ಕು ಮಂದಿ ಓದಿದ ಹುಡುಗ ಹುಡುಗ್ಯಾರು ಸೇರಿ, ಪರದೇಶದ ಮ್ಯೂಸಿಯಮ್ಮುಗಳಿಗೆ ಬರೆದು ಬರೆದು, ಮೂರು ಅಕ್ಕತಂಗೇರನ್ನ ಒಂದ ಕಡಿ ಕೂಡಿಸಾಕ ಒಪ್ಪಿಸಿದ್ರು. ಅವರ ಮುಂದಾಳು ಸುಷ್ಮಿತಾ ಅನ್ನೋ ಹುಡುಗಿ. ಬರೇ ಇಪ್ಪತ್ತೊಂದು ದಿನ. ಆಮ್ಯಾಲ ಬಂದ ದಾರಿಗೆ ತಿರುಗಿ ಹೋಗಬೇಕು, ಕಾಗದಕ್ಕ ಸಹಿ ಆಗಿತ್ತು. ಹಡಗಿನಾಗ ಚೆನ್ನೈಗೆ ಬಂದು, ಅಲ್ಲಿಂದ ಟ್ರೇಲರ್ ಮ್ಯಾಲ ಬಳ್ಳಾರಿ, ತೋರಣಗಲ್ಲು ದಾಟಿ ಎರಡೂ ಇಂಜಿನ್ನು ಶೆಡ್ಡಿಗೆ ಬಂದಿಳಿದದ್ದು ಆ ಕೂಗು ಕೇಳಿದ ದಿನ ಸಂಜೀಕ. ಲೈಟು ಹಾಕೋ ಕೆಲಸ ಹುಲುಗೇಶಂದು.

"ಯಾರೋ ಹುಡುಗರು ಆ ಕೂಗು ಮೊಬೈಲಿನಾಗ ಹಚ್ಯಾರ ಬಿಡವ್ವ," ಅಂದ ಹುಲುಗೇಶ.

ದುರ್ಗಕ್ಕ ರೊಟ್ಟಿ ತಿರುವಿ ಹಾಕಿದ್ಲು. "ನಮ್ಮ ಕೂಗು ನನಗ, ಅವರಿಗೆ ಬಿಟ್ರ ಯಾರಿಗೆ ಗೊತ್ತಲೇ? ಓಡಿಹೋದಾಂವ ಆ ಇಂಜಿನ್ನಿನಾಗ ಯಾಕ ಬರತಾನ? ಇಪ್ಪತ್ತೊಂದು ದಿನ ಐತಿ. ಅಷ್ಟರಾಗ ನನಗ ಗೊತ್ತಾಗಬೇಕು. ಅಂವ ನನ್ನ ಬಿಟ್ಟು ಹೋದನೋ, ಇಲ್ಲೋ."

ಮೂರನೇ ದಿನ ಉದ್ಘಾಟನಿ. ಹಂಪಿ ನೋಡಾಕ ಬಂದ ಮಂದಿ ಎಲ್ಲಾ ಇಲ್ಲಿಗೂ ಬಂದಿದ್ರು. ಅವತ್ತು ಸನ್ಮಾನ ಆದದ್ದು ವಿರುಪಾಕ್ಷಪ್ಪಗ. ಎಪ್ಪತ್ತೈದರ ಮುದುಕ, ಆ ಶೆಡ್ಡಿನಾಗ ದುಡಿದವರ ಪೈಕಿ ಉಳಿದಾಂವ ಅವನೊಬ್ಬನ. ಉಚ್ಚೆಂಗೆಪ್ಪನ ಜೀವದ ಗೆಣೆಯ. ಹೆಗಲ ಮ್ಯಾಲ ಸದಾ ಒಂದು ಬಿಳಿ ಟವಲ್ಲು, ನೀಲಿ ಅಂಚಿಂದು. ಅದರ ತುದಿಗೆ ಅವನ ಹೆಂಡ್ತಿ ಭರಮಮ್ಮ ದಿನಾ ಮುಂಜಾನಿ ಮೂರು ಹೋಳು ಅಡಕಿ ಗಂಟು ಹಾಕಿ ಕೊಡತಿದ್ಲು.

ವಿರುಪಾಕ್ಷಪ್ಪ ನಡುವಿನಾಕಿಯ ಮ್ಯಾಲ ಹತ್ತಿ, ಫೈರ್‌ಬಾಕ್ಸಿನ ಅಂದ್ರ ಬೆಂಕಿಗೂಡಿನ ಬಾಗಿಲು ಕಟಂಗ್ ಅಂತ ತೆಗೆದು ಮಂದಿಗೆ ತೋರಿಸಿದ. "ಬೆಂಕಿ ಆರಿಸಿದ ಮ್ಯಾಲ ಮನುಷ್ಯ ಇದರಾಗ ತೂರಿ ಒಳಗ ಇಳೀಬೇಕ್ರಿ. ತಳದ ಸರಳಿಗೆ ಹತ್ತಿದ ಕಿಟ್ಟ, ಕಲ್ಲಿದ್ದಲು ಸುಟ್ಟ ಗಟ್ಟಿ, ಒಡೀಬೇಕು. ಒಳಗ ಹೋಗೋಕಿಂತ ಮೊದಲು ತನ್ನ ಟವಲ್ಲು ಈ ಹಿಡಿಕಿಗೆ ಹಾಕಬೇಕು. ಟವಲ್ಲು ಐತಿ ಅಂದ್ರ ಒಳಗ ಮನುಷ್ಯ ಅದಾನ. ಬೆಂಕಿ ಹಚ್ಚಂಗಿಲ್ಲ. ಇದು ನಮ್ಮ ಕಾನೂನು." ಮಂದಿ ಚಪ್ಪಾಳಿ ತಟ್ಟಿದ್ರು.

ಆಮ್ಯಾಲ ಸುಷ್ಮಿತಾಗ ಒಂದು ಆಸಿ. ಹೆಣ್ಣುಮಕ್ಕಳು ತವರಿಗೆ ಬಂದಂಗ ಇಂಜಿನ್ನು ಬಂದಾವ, ಮುತ್ತೈದೇರು ಉಡಿ ತುಂಬಲಿ ಅಂತ. ದುರ್ಗಕ್ಕನೂ ಹೊಸ ಸೀರಿ ಉಟ್ಟು ತಾಟು ಹಿಡಿದು ಹೋಗಿದ್ಲು. ಬಸಕ್ಕ ಅಂತ ಓಣಿಯಾಕಿ ಒಬ್ಬಾಕಿ, ಬಾಯಿ ಅಂದ್ರ ಬಾಯಿ, ತಡೆದುಬಿಟ್ಲು.

"ನೀ ಹಿಂದ ಸರಿ ದುರ್ಗಕ್ಕ. ಗಂಡ ಅದಾನೋ ಸತ್ತಾನೋ ನಿನಗ ಗೊತ್ತಿಲ್ಲ. ಮುತ್ತೈದಿ ಅನ್ನೋದು ಹೆಂಗ?"

ದುರ್ಗಕ್ಕ ತಾಟಿಗೆ ಸೆರಗು ಮುಚ್ಚಿಕೊಂಡು ಮನಿಗೆ ಬಂದ್ಲು. ಅವತ್ತು ಆಕಿ ಅತ್ತಳು. ಹುಲುಗೇಶ ತಾಯಿ ಅತ್ತಿದ್ದನ್ನ ನೋಡಿದ್ದು ಅದ ಮೊದಲು.

ರಾತ್ರಿ ಆಕಿ ಅಕ್ಕಿ, ಅರಿಷಿಣಬೇರು, ಎಲಿ, ಕೊಬ್ಬರಿ ಬಟ್ಟಲಾ ಎಲ್ಲಾ ಒಂದು ಇಳಕಲ್ ಖಣದಾಗ ಕಟ್ಟಿ ಮಗನ ಕೈಗೆ ಕೊಟ್ಲು. "ಒಯ್ದು ನಡುವಿನಾಕಿ ಫೈರ್‌ಬಾಕ್ಸಿನ ಒಳಗ ಇಟ್ಟು ಬಾ."

"ಅದು ಕಬ್ಬಿಣ ಯವ್ವಾ."

"ಉಡಿ ತುಂಬಿಸಿಕೊಂಡಾಕಿ ಒಂದು ಹಿಡಿ ಅಕ್ಕಿ ತಿರುಗಿ ತವರಿಗೆ ಹಾಕೇ ಹೋಗಬೇಕು. ಹಾಕದ ಹೋಗಂಗಿಲ್ಲ. ನನಗ ಬರೋದು ಏನೈತಿ, ಬರಲಿ."

ಹುಲುಗೇಶ ಇಟ್ಟು ಬಂದ. ಏನು ಮಾಡ್ತಾನ, ತಾಯಿ ಮಾತು. ಮರುದಿನದಿಂದ ರಾತ್ರಿ ಕಾವಲೂ ಅವನಿಗೆ ಬಿತ್ತು. ಮನಿ ಹತ್ತಿರ ಐತಲ್ಲ ಅಂತ ಸುಷ್ಮಿತಾ ಕೇಳಿಕೊಂಡಿದ್ಲು.

ಮೊದಲ ರಾತ್ರಿ ಅಂವ ಬ್ಯಾಟರಿ ಹಿಡಿದು ಒಂದು ಸುತ್ತು ಬಂದ. ನಡುವಿನಾಕಿಯ ಹಿಡಿಕಿ ಮ್ಯಾಲ ಒಂದು ಟವಲ್ಲು... ಕೆಂಪು ಚೌಕಡಿದು. ಒರೆಸೋ ಹುಡುಗ್ಯಾರು ಮರೆತು ಹೋಗ್ಯಾರ ಅಂತ ತಕ್ಕೊಂಡ. ಹಸಿ ಇತ್ತು. ಬೆವರಿನ ವಾಸನಿ, ಸುಟ್ಟ ಕಲ್ಲಿದ್ದಲಿನ ವಾಸನಿ. ಅಂವ ಅದರಾಗ ಮುಖ ಒರೆಸಿಕೊಂಡು, ಹೆಗಲಿಗೆ ಹಾಕ್ಕೊಂಡು, ಬೆಂಚಿನ ಮ್ಯಾಲ ಅಡ್ಡಾದ. ನಿದ್ದಿಗಣ್ಣಾಗ ಕಬ್ಬಿಣದ ಸದ್ದು ಕೇಳತಿತ್ತು. ಟಣ್..... ಟಣ್, ಟಣ್. ಚಳಿಗೆ ತಗಡು ಕುಗ್ಗತೈತಿ ಅಂದುಕೊಂಡ.

ಮುಂಜಾನಿ ವಿರುಪಾಕ್ಷಪ್ಪ ಬಂದ. ಹುಲುಗೇಶನ ಹೆಗಲು ನೋಡಿದ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಖರೇನ ಹಂಗ... ಮುದುಕನ ಕೈ ತನ್ನ ಹೆಗಲಿಗೆ ಹೋತು.

"ಆ ಟವಲ್ಲು ಎಲ್ಲಿತ್ತು?"

"ನಡುವಿನಾಕಿ ಹಿಡಿಕಿ ಮ್ಯಾಲ, ಕಾಕಾ."

ವಿರುಪಾಕ್ಷಪ್ಪ ಅಲ್ಲೇ ಹಳಿ ಮ್ಯಾಲ ಕುಂತ. ಎರಡು ತಾಸು ಏಳಲಿಲ್ಲ. ಹುಲುಗೇಶ ಮನಿಗೆ ಹೋಗಿ ನೋಡಿದ್ರ ಹೆಗಲ ಮ್ಯಾಲ ಟವಲ್ಲಿಲ್ಲ. ಅಂಗಿಗೆ ಮಸಿ ಹತ್ತಿತ್ತು, ಅಷ್ಟ. ತಾಯಿಗೆ ಹೇಳಿದ. ಕೆಂಪು ಚೌಕಡಿ ಅಂದ ಕೂಡಲೇ ಆಕಿ ಕಣ್ಣು ಮುಚ್ಚಿದ್ಲು. "ನಿಮ್ಮಪ್ಪಂದು," ಅಂದ್ಲು.

ಮುಂದ ದಿನಾ ರಾತ್ರಿ ಅದ ಟವಲ್ಲು, ಅದ ಹಿಡಿಕಿ. ಹುಲುಗೇಶ ಮತ್ತ ಮುಟ್ಟಲಿಲ್ಲ. ವಿರುಪಾಕ್ಷಪ್ಪನೂ ಶೆಡ್ಡಿನ ಕಡಿ ಬರಲಿಲ್ಲ, ಜ್ವರ ಅಂತ ಹೇಳಿ ಕಳಿಸಿದ. ಹಿಂಗ ದಿನ ಹೋದವು. ಇಪ್ಪತ್ತನೇ ರಾತ್ರಿ ಬಂತು. ಬೆಳಕು ಹರಿದ್ರ ಟ್ರೇಲರ್ ಬರೋದು.

ಆ ರಾತ್ರಿ ದುರ್ಗಕ್ಕ ಶೆಡ್ಡಿಗೆ ಬಂದು ನಡುವಿನಾಕಿಯ ಮುಂದ ನೆಲದ ಮ್ಯಾಲ ಕುಂತಳು. ಹನ್ನೆರಡು ಹೊಡೀತು. ಒಂದಾತು. ಗೇಟಿನ ಕಡಿ ಚಪ್ಪಲಿ ಸದ್ದು... ಚರಕ್, ಚರಕ್. ಯಾರೂ ಕರೀದನ ವಿರುಪಾಕ್ಷಪ್ಪ ಬಂದಿದ್ದ. ಹಿಡಿಕಿ ಮ್ಯಾಲಿನ ಕೆಂಪು ಟವಲ್ಲು ನೋಡಿದ. ಕೈ ಮುಗಿದ.

ಆಗ ಒಳಗಿಂದ ಬಡೀತು.

ಟಣ್..... ಟಣ್, ಟಣ್.

"ಕೇಳಿದಿಯೇನು ತಂಗಿ?" ಅಂದ ವಿರುಪಾಕ್ಷಪ್ಪ. "ಅವತ್ತೂ ಹಿಂಗ ಬಡಿದ."

ದುರ್ಗಕ್ಕ ತಿರುಗಿ ನೋಡಿದ್ಲು. "ಅಣ್ಣಾ, ಹೇಳು. ಈಗ ಹೇಳು."

"ಉಚ್ಚೆಂಗಿ ಕಿಟ್ಟ ಒಡಿಯಾಕ ಒಳಗ ಇಳಿದಿದ್ದ. ಟವಲ್ಲು ಹಾಕಿದ್ದ, ಸುಳ್ಳು ಹೇಳಂಗಿಲ್ಲ, ಹಾಕಿದ್ದ. ಬೆಂಕಿ ಹಚ್ಚೋ ಪಾಳಿ ನಂದು, ನಾ ಬಂದು ನೋಡಿದೆ. ಕತ್ತಲಾಗ ಒಳಗ ಏನೂ ಕಾಣಲಿಲ್ಲ, ಬಾಗಿಲಿಗೆ ಬಾಯಿ ಇಟ್ಟು ಕರೆದೆ, ಉತ್ತರ ಬರಲಿಲ್ಲ. ಒಳಗಿನ ಹೊಗಿಗೆ ಎಚ್ಚರ ತಪ್ಪಿದ್ದ ಅಂತ ಕಾಣಸ್ತದ. ನಾ... ಮನಿಗೆ ಹೋಗ್ಯಾನ, ಟವಲ್ಲು ಮರೆತಾನ ಅಂದ್ಕೊಂಡೆ. ಅದರಾಗ ಮುಖ ಒರೆಸಿಕೊಂಡೆ. ಹೆಗಲಿಗೆ ಹಾಕ್ಕೊಂಡೆ. ಬೆಂಕಿ ಹಚ್ಚಿದೆ."



"ಬಡಿದಾಗ?" ಅಂದ ಹುಲುಗೇಶ.

"ಕಬ್ಬಿಣ ಕಾಯುವಾಗ ಸದ್ದು ಮಾಡತೈತಲ್ಲಪ್ಪ. ಅದು ಅಂದ್ಕೊಂಡೆ. ಮುಂಜಾನಿ ಬೂದಿ ಎಳೆದಾಗ ಗೊತ್ತಾತು."

ದುರ್ಗಕ್ಕ ಅಳಲಿಲ್ಲ. ಒಂದ ಮಾತು ಕೇಳಿದ್ಲು. "ಕಂಪ್ಲಿಯಾಕಿ ಅಂತ ಯಾಕ ಅಂದಿ?"

"ಹೆದರಿದ್ದೆ. ಏನರ ಒಂದು ಹೇಳಬೇಕಾಗಿತ್ತು... ಬಾಯಿಗೆ ಅದ ಬಂತು."

"ನೀ ಬೆಂಕಿ ಹಚ್ಚಿದ್ದು ತಪ್ಪಿ. ಅದನ್ನ ನಾ ಹೊಟ್ಟಿಗೆ ಹಾಕ್ಕೋತೀನಿ. ಈ ಮಾತು ತಪ್ಪಿ ಆಡಿದ್ದಲ್ಲ ಅಣ್ಣಾ. ಮೂವತ್ತಾರು ವರ್ಷ ನಾನೂ ಅವರನ್ನ ಬೈದೀನಿ. ರಾತ್ರಿ ಮಕ್ಕೊಂಡಾಗ ದಿನಾ ಬೈದೀನಿ."

ದುರ್ಗಕ್ಕ ಎದ್ದು ಅವನ ಎದುರಿಗೆ ನಿಂತಳು.

"ಊರ ಮುಂದ ಹೇಳತಿಯೇನು?"

"ಹೇಳ್ತೀನಿ ತಂಗಿ. ಬೆಳಗಾಗಲಿ. ಟ್ರೇಲರ್ ಹತ್ತಿಸಾಕ ಎಲ್ಲಾರೂ ಬರತಾರ, ಎಲ್ಲಾರ ಮುಂದ ಹೇಳ್ತೀನಿ."

ಅಂವ ಗೇಟಿನ ಕಡಿ ಹೊಂಟ. ಚರಕ್, ಚರಕ್. ಹುಲುಗೇಶ ಇಂಜಿನ್ನಿನ ಮ್ಯಾಲ ಹತ್ತಿದ. ಕೆಂಪು ಟವಲ್ಲು ಆಗಲೇ ಇದ್ದಿಲ್ಲ. ಬಾಗಿಲು ತೆಗೆದು ಕೈ ಹಾಕಿದ. ಇಂಜಿನ್ನು ಎಲ್ಲಾ ಹಿಮದಂಗ ತಣ್ಣಗಿತ್ತು, ಒಳಗಿನ ಖಣದ ಗಂಟು ಬೆಚ್ಚಗಿತ್ತು. ಬಿಚ್ಚಿದ್ರ ಅಕ್ಕಿ ಕಡಿಮಿ ಆಗಿತ್ತು. ಒಂದ ಹಿಡಿಯಷ್ಟು ಉಳಿದಿತ್ತು, ಹುರಿದಂಗ ಕರ್ರಗಾಗಿ. ಅದರ ನಡುವ ಒಂದು ಬೆಳ್ಳಿ ಕೊಂಡಿ.

ಗಂಡಸರು ಸೊಂಟಕ್ಕ ಕಟ್ಟೋ ಉಡಿದಾರದ ಕೊಂಡಿ ಅದು. ಅರ್ಧ ಕರಗಿತ್ತು. ದುರ್ಗಕ್ಕ ದೀಪಕ್ಕ ಹಿಡಿದು ನೋಡಿದ್ಲು. ಮದಿವ್ಯಾಗ ಆಕಿಯ ತವರವರು ಹಾಕಿದ ಉಡಿದಾರ. ಕೊಂಡಿ ಮ್ಯಾಲ ಮಾವಿನಕಾಯಿ ಗುರುತು ಇನ್ನೂ ಇತ್ತು.

"ಓಡಿಹೋಗಿದ್ದಿಲ್ಲಲೇ," ಅಂದ್ಲು ಮಗನಿಗೆ. "ನಿಮ್ಮಪ್ಪ ನಮ್ಮನ್ನ ಬಿಟ್ಟು ಹೋಗಿದ್ದಿಲ್ಲ." ಆಮ್ಯಾಲ ಅತ್ತಳು. ಹುಲುಗೇಶನೂ ಅತ್ತ. ದ್ವೇಷ ಮಾಡಿದ ವರ್ಷ ಎಲ್ಲಾ ಅವನ ಎದಿ ಮ್ಯಾಲ ಬಂದು ಕುಂತಿದ್ವು.

ಬೆಳಗಾತು. ಟ್ರೇಲರ್ ಬಂದ್ವು, ಕ್ರೇನ್ ಬಂತು, ಊರ ಮಂದಿ ಬಂದ್ರು. ವಿರುಪಾಕ್ಷಪ್ಪ ಮಾತ್ರ ಬರಲಿಲ್ಲ. ಇಂಜಿನ್ನಿಗೆ ತಾಡಪತ್ರಿ ಹೊಚ್ಚಿ ಸೀಲು ಹಾಕೋಕಿಂತ ಮೊದಲು ಹುಲುಗೇಶ ಹತ್ತಿ ನೋಡಿದ. ಹಿಡಿಕಿ ಖಾಲಿ ಇತ್ತು. ಫೈರ್‌ಬಾಕ್ಸಿನಾಗ ಬ್ಯಾಟರಿ ಬಿಟ್ಟು ನೋಡಿದ. ಏನೂ ಇದ್ದಿಲ್ಲ. ನಡುವಿನಾಕಿ ತೋರಣಗಲ್ಲಿನ ರೋಡು ಹಿಡಿದು ಹೋದ್ಲು.

ವಿರುಪಾಕ್ಷಪ್ಪ ಮನಿಗೂ ಹೋಗಿದ್ದಿಲ್ಲ. ಪೊಲೀಸರು ಬಂದ್ರು. ಕೆರಿ, ಕಾಲುವಿ, ಆ ಮೆಟ್ಟಿಲ ಬಾವಿ ಎಲ್ಲಾ ಹುಡುಕಿಸಿದ್ರು. ಒಂದು ಚಪ್ಪಲಿ ಸೈತ ಸಿಗಲಿಲ್ಲ. ಊರ ಬಾಯಿ ನಿಮಗ ಗೊತ್ತಲ್ಲ. ಎಂಟು ದಿನ ಕಳೀಲಿಲ್ಲ, ಮುದುಕ ಎಲ್ಲೋ ಓಡಿಹೋದ ಅಂದ್ರು. ಈ ವಯಸ್ಸಿನಾಗ ಏನು ಚಟವೋ ಅಂತ ಬಸಕ್ಕ ಭರಮಮ್ಮನ ಮನಿ ಮುಂದ ನಿಂತು ಅಂದ್ಲು.

ದುರ್ಗಕ್ಕ ಆ ಕೊಂಡಿಯನ್ನ ಊರ ಮಂದಿಗೆ ತೋರಿಸಿ, ಖಣದಾಗ ಸುತ್ತಿ, ಗಂಡನ ಹಿರ್ಯಾರು ಮಲಗಿದ ಜಾಗದಾಗ ಮಣ್ಣು ಮಾಡಿಸಿದ್ಲು. ಒಂದು ಬಿಸಿ ರೊಟ್ಟಿ ಇಟ್ಟಳು. ಕುಂಕುಮ ಅಳಿಸಬೇಕು ಅಂತ ಬಂದ ಹೆಂಗಸರಿಗೆ, "ಇದನ್ನ ಇಟ್ಟು ಬಾಳಿದಾಕಿ ನಾನು, ಯಾವಾಗ ತೆಗೀಬೇಕು ನನಗ ಗೊತ್ತೈತಿ, ಮನಿಗೆ ನಡೀರಿ," ಅಂದ್ಲು. ಆಮ್ಯಾಲ ಕೂಗು ಕೇಳಲಿಲ್ಲ.

ಇಲ್ಲಿಗೆ ಮುಗೀತು ಅಂದ್ಕೊಂಡ್ರೇನು? ಕುಂದ್ರಿ.

ಮೂರು ತಿಂಗಳಿಗೆ ಸುಷ್ಮಿತಾಗ ಇಂಗ್ಲೆಂಡಿನ ಮ್ಯೂಸಿಯಮ್ಮಿನಿಂದ ಒಂದು ಪತ್ರ ಬಂತು, ಮೊಬೈಲಿಗೆ, ಫೋಟೋ ಸಂಗಾಟ. ಆಕಿ ಓದಿ ಹುಲುಗೇಶಗ ಹೇಳಿದ್ಲು. ನಿಮ್ಮ ಕಡೇವರು ಯಾರೋ ಇಂಜಿನ್ನಿನಾಗ ಒಂದು ಟವಲ್ಲು ಬಿಟ್ಟಾರ. ತೆಗೆದು ಒಗೆದು ಒಣಗಿಸಿ ಇಟ್ರ ಮರುದಿನ ಮುಂಜಾನಿ ಮತ್ತ ಅದ ಹಿಡಿಕಿ ಮ್ಯಾಲ, ಮತ್ತ ಹಸಿ. ಫೈರ್‌ಬಾಕ್ಸು ತೆಗೆದು ನೋಡೀವಿ, ಒಳಗ ಏನೂ ಇಲ್ಲ. ತುದಿಗೆ ಒಂದು ಗಂಟೈತಿ, ಅದರಾಗ ಕಂದು ಬಣ್ಣದ ಮೂರು ಹೋಳು ಅದಾವ, ಏನವು?

ಫೋಟೋದಾಗ ಬಿಳಿ ಟವಲ್ಲು. ನೀಲಿ ಅಂಚು.

ಹುಲುಗೇಶ ತಾಯಿಗೆ ತೋರಿಸಿದ. ದುರ್ಗಕ್ಕ ಭಾಳ ಹೊತ್ತು ನೋಡಿದ್ಲು. ಎದ್ದಳು, ಸೆರಗು ಹೊದ್ದಳು, ಮಗನ ಕೈಯಾಗಿನ ಮೊಬೈಲು ಇಸಗೊಂಡು ಸೀದಾ ಭರಮಮ್ಮನ ಮನಿಗೆ ಹೋದ್ಲು. ಭರಮಮ್ಮ ಬಾಗಿಲಾಗ ಕುಂತಿದ್ಲು, ಹಣಿ ತುಂಬ ಕುಂಕುಮ. ದುರ್ಗಕ್ಕ ಆಕಿ ಮಗ್ಗಲಕ ಕುಂತು ಕೈ ಹಿಡಕೊಂಡ್ಲು.

"ಅಕ್ಕಾ, ನಿನ್ನ ಗಂಡ ಓಡಿಹೋಗಿಲ್ಲ. ಯಾರು ಏನಂದ್ರೂ ನಂಬಬ್ಯಾಡ. ನನ್ನಂಗ ದಿನಾ ರಾತ್ರಿ ಬೈಬ್ಯಾಡ."

ಭರಮಮ್ಮ ಫೋಟೋ ನೋಡಿದ್ಲು. ಬೆರಳಿನಿಂದ ಗಂಟಿನ ಮ್ಯಾಲ ಮುಟ್ಟಿದ್ಲು. "ನಾ ಕಟ್ಟಿದ್ದು," ಅಂದ್ಲು.

ಫೋಟೋ ಇನ್ನೂ ಹುಲುಗೇಶನ ಮೊಬೈಲಿನಾಗ ಐತಿ. ಹೊಸಪೇಟೆಗೆ ಹೋದ್ರ ಕೇಳ್ರಿ, ತೋರಿಸ್ತಾನ. ನಾನ ನೋಡೀನಿ, ಸುಳ್ಳಾದ್ರ ನನ್ನ ನಾಲಿಗಿ ಸೇದಿ ಹೋಗಲಿ. ಮೊನ್ನೆ ಆ ಮ್ಯೂಸಿಯಮ್ಮಿನವರು ಮತ್ತ ಬರೆದಾರಂತ. ಟವಲ್ಲನ್ನ ಈಗ ಗಾಜಿನ ಪೆಟಿಗಿಯಾಗ ಇಟ್ಟು ಬೀಗ ಹಾಕ್ಯಾರಂತ, ಆದ್ರೂ ಗಂಟಿನಾಗ ಈಗ ಎರಡೇ ಹೋಳು ಅಡಕಿ ಅದಾವಂತ.